ಐಡಲ್ ಮೀಮಾಂಸೆ

ನಿಂತ ಕಾರು ಏಕೆ ನಡುಗುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಪೂರ್ವಸೂರಿಗಳು ಕೈಗೆತ್ತಿಕೊಂಡಿಲ್ಲ. ಅವರ ಬಳಿ ಕಾರಿರಲಿಲ್ಲ ಎಂಬ ಸಮಾಧಾನ ಒಪ್ಪತಕ್ಕದ್ದಲ್ಲ. ಅವರ ಬಳಿ ಬ್ರಹ್ಮವೂ ಇರಲಿಲ್ಲ, ಆದರೂ ಬರೆದರು. ಮೈಸೂರಿನಲ್ಲಿ ಮೂವತ್ತು ವರ್ಷ ತರ್ಕಶಾಸ್ತ್ರ ಪಾಠ ಹೇಳಿ ನಿವೃತ್ತರಾಗಿ, ಆರು ತಿಂಗಳ ವೀಸಾದ ಮೇಲೆ ಡೆಟ್ರಾಯಿಟ್ ಪಕ್ಕದ ಮಗನ ಮನೆಗೆ ಬಂದು, ಕೆಲಸವಿಲ್ಲದೆ ಗ್ಯಾರೇಜಿನಲ್ಲಿ ಕುರ್ಚಿ ಹಾಕಿಕೊಂಡು ಕೂತ ನಾವು ಆ ಕೊರತೆಯನ್ನು ಇಲ್ಲಿ ತುಂಬುತ್ತಿದ್ದೇವೆ.

ಪ್ರಕೃತ ವಸ್ತು 1990ರ ಮಿಯಾಟಾ. ಎರಡು ಸೀಟು, 1.6 ಲೀಟರ್ ಎಂಜಿನ್. ಮಗ ಅದಕ್ಕೆ ಈಟನ್ ಎಂ45 ಸೂಪರ್‌ಚಾರ್ಜರ್ ಕೂರಿಸಿದ್ದಾನೆ. ಇದು ಬೆಲ್ಟಿನಿಂದ ತಿರುಗುತ್ತ ಎಂಜಿನ್ನಿಗೆ ಗಾಳಿಯನ್ನು ಬಲವಂತವಾಗಿ ಉಣಿಸುವ ಯಂತ್ರ. ಒಂದು ಸುತ್ತಿಗೆ 45 ಘನ ಇಂಚು, ಅಂದರೆ ಮುಕ್ಕಾಲು ಲೀಟರಿಗೆ ತುಸು ಕಡಿಮೆ. ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಹೋಳಿಗೆ ಇಳಿಸುವ ಬೀಗರ ಜಾತಿ. ವಂಶಮೂಲ ಹುಡುಕಿದರೆ ಇಂಡಿಯಾನಾದ ಕಾನರ್ಸ್‌ವಿಲ್ ಊರಿನ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ, ಕುಲುಮೆಗೆ ಗಾಳಿ ಊದುವ ಯಂತ್ರಕ್ಕೆ ಹೋಗಿ ನಿಲ್ಲುತ್ತದೆ. ಕಮ್ಮಾರನ ತಿದಿಯನ್ನು ಕಾರಿನ ಮೂಗಿಗೆ ಕಟ್ಟಿ, ಅದು ಸುಮ್ಮನೆ ನಿಂತಿರಬೇಕೆನ್ನುವುದು ಮೊದಲನೆಯ ಹೇತ್ವಾಭಾಸ.

ರೋಗಲಕ್ಷಣ ಇಷ್ಟು: ಐಡಲಿನಲ್ಲಿ, ಅಂದರೆ ಕಾರು ನಿಂತು ಎಂಜಿನ್ ಮಾತ್ರ ತಿರುಗುವಾಗ, ನಿಮಿಷಕ್ಕೆ 850 ಸುತ್ತಿನಲ್ಲಿ ನಿಲ್ಲಬೇಕಾದ ಮುಳ್ಳು ಎರಡು ಸಾವಿರಕ್ಕೆ ಏರುತ್ತದೆ, ಐನೂರಕ್ಕೆ ಬೀಳುತ್ತದೆ, ಮತ್ತೆ ಏರುತ್ತದೆ. ಒಮ್ಮೊಮ್ಮೆ ಬಿದ್ದಲ್ಲಿಂದ ಏಳುವುದೇ ಇಲ್ಲ.

ಇಲ್ಲಿ ಪೂರ್ವಪಕ್ಷ ನಮ್ಮ ಮಗನದು. ಅವನದು ಕ್ರಯವಾದ: ಕೊಂಡುಕೊಳ್ಳುವುದೇ ಜ್ಞಾನಸಾಧನ ಎಂಬ ಮತ. ಐಡಲ್ ವಾಲ್ವ್, ಥ್ರಾಟಲ್ ಸೆನ್ಸರ್, ಆಕ್ಸಿಜನ್ ಸೆನ್ಸರ್, ಪ್ಲಗ್ಗುಗಳು ಹೊಸದಾಗಿ ಬಂದವು. ಗ್ಯಾರೇಜು ರಟ್ಟಿನ ಡಬ್ಬಗಳಿಂದ ತುಂಬಿತು. ಮುಳ್ಳು ಉಯ್ಯಾಲೆ ಬಿಡಲಿಲ್ಲ. ಕೊನೆಗೆ ಪೆಟ್ರೋಲು ಚಿಮ್ಮಿಸುವ ದೊಡ್ಡ ಇಂಜೆಕ್ಟರುಗಳನ್ನೂ ಹಾಕಿದ. ಬೂಸ್ಟಿಗೆ, ಅಂದರೆ ಸೂಪರ್‌ಚಾರ್ಜರ್ ಗಾಳಿ ಒತ್ತಿ ತುಂಬುವ ಹೊತ್ತಿಗೆ, ಅವು ಅನುಕೂಲ, ನಿಜ. ಆದರೆ ಐಡಲಿನಲ್ಲಿ ಇಂಜೆಕ್ಟರ್ ಬಾಯಿ ತೆರೆಯುವುದು ಸೆಕೆಂಡಿನ ಸಾವಿರದಲ್ಲಿ ಒಂದೆರಡು ಭಾಗ ಮಾತ್ರ. ಅಷ್ಟರಲ್ಲಿ ಲೆಕ್ಕವಾಗಿ ತೊಟ್ಟಿಕ್ಕುವುದು ದೊಡ್ಡ ಬಾಯಿಯವರಿಗೆ ಕಷ್ಟ. ಉದ್ಧರಣೆಯಲ್ಲಿ ಕೊಡುವ ತೀರ್ಥವನ್ನು ಕೊಡ ಬಗ್ಗಿಸಿ ಕೊಟ್ಟಂತೆ. ಈಗ ಮುಳ್ಳಿನ ಜೊತೆಗೆ ಕಪ್ಪು ಹೊಗೆಯೂ ಬಂತು. ಹಳೆಯವನ್ನೇ ತಿರುಗಿ ಹಾಕಿಸಿದೆವು.

ಸಿದ್ಧಾಂತ ಹೀಗಿದೆ. ಈ ಕಾರಿನಲ್ಲಿ ಗಾಳಿಗೆ ಒಂದು ಸುಂಕದಕಟ್ಟೆಯುಂಟು. ಒಳಬರುವ ಗಾಳಿ ಒಂದು ರೆಕ್ಕೆಯನ್ನು ತಳ್ಳಿಕೊಂಡೇ ಬರಬೇಕು. ರೆಕ್ಕೆ ಎಷ್ಟು ಸರಿಯಿತೆಂದು ನೋಡಿ ಕಂಪ್ಯೂಟರು 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲು ತೂಗಿ ಕೊಡುತ್ತದೆ. ಕಟ್ಟೆ ದಾಟಿದ ಮೇಲೆ ಎಲ್ಲೋ ಕಳ್ಳದಾರಿಯಿಂದ ಗಾಳಿ ನುಗ್ಗಿದರೆ ಶಾನುಭೋಗರ ಕಡತಕ್ಕೆ ಅದು ಏರುವುದಿಲ್ಲ. ಎಂಜಿನ್ ಮಾತ್ರ ಆ ಗಾಳಿಯನ್ನು ಕುಡಿದು ಓಡತೊಡಗುತ್ತದೆ. ಆಗ ಕಂಪ್ಯೂಟರಿಗೆ ಭ್ರಾಂತಿ: ಥ್ರಾಟಲ್ ಮುಚ್ಚಿದೆ, ಎಂಜಿನ್ ಜೋರಾಗಿ ಸುತ್ತುತ್ತಿದೆ, ಆದ್ದರಿಂದ ಕಾರು ಇಳಿಜಾರಿನಲ್ಲಿದೆ. ಗ್ಯಾರೇಜಿನಲ್ಲಿ ನಿಂತ ಕಾರಿಗೆ ಚಾರ್ಮಾಡಿ ಘಾಟಿಯನ್ನು ಕಂಡು ಅದು ಪೆಟ್ರೋಲು ನಿಲ್ಲಿಸುತ್ತದೆ. ಎಂಜಿನ್ ಬೀಳುತ್ತದೆ, ಭ್ರಾಂತಿ ಹರಿಯುತ್ತದೆ, ಪೆಟ್ರೋಲು ಮರಳುತ್ತದೆ, ಮುಳ್ಳು ಏರುತ್ತದೆ. ಹಗ್ಗವನ್ನು ಹಾವೆಂದು ಕಂಡವನಾದರೂ ದೀಪ ತಂದ ಮೇಲೆ ಸುಮ್ಮನಾದ. ಇದು ನಿಮಿಷಕ್ಕೆ ಹತ್ತು ಸಲ ಹಾವು ಕಾಣುತ್ತದೆ.

ಥ್ರಾಟಲ್ ದಾಟಿದ ಮೇಲಿನ ಬಿರುಕು ಐಡಲಿನಲ್ಲಿ ಗಾಳಿ ಕುಡಿಯುತ್ತದೆ, ಬೂಸ್ಟಿನಲ್ಲಿ ಅದನ್ನೇ ಕಾರುತ್ತದೆ. ‘ಕಾರು’ ಶಬ್ದದ ವ್ಯುತ್ಪತ್ತಿ ಇದೇ ಎಂಬುದು ನಮ್ಮ ವಿನಮ್ರ ಮತ. ಇಂಗ್ಲಿಷಿನವರು ನಮ್ಮಿಂದ ಪಡೆದಿರಬೇಕು.

ಬಿರುಕು ಹುಡುಕಲು ಮಗ ಡಬ್ಬದಲ್ಲಿ ಬೇಬಿ ಆಯಿಲ್ ಕಾಯಿಸಿ, ಹೊಗೆ ಎಬ್ಬಿಸಿ, ಮೆಲ್ಲಗೆ ಎಂಜಿನ್ನಿನೊಳಗೆ ಊದಿದ. ನಮಗೆ ಸಂಕಟಕ್ಕಿಟ್ಟುಕೊಂಡಿತು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ಮೂವತ್ತು ವರ್ಷ ಪಾಠ ಹೇಳಿದ್ದೇವೆ. ಇಲ್ಲಿ ಹೊಗೆ ಕಂಡಲ್ಲಿ ಇರಬೇಕಾದದ್ದು ತೂತು! “ಬೆಂಕಿ ಡಬ್ಬದಲ್ಲಿದೆಯಲ್ಲ ಅಪ್ಪಾ,” ಎಂದ ಮಗ. ನ್ಯಾಯದರ್ಶನ ಉಳಿಯಿತು. ಸೂಪರ್‌ಚಾರ್ಜರಿನ ಬೆನ್ನಿನಿಂದ ಊದುಬತ್ತಿಯಂತೆ ಒಂದು ಎಳೆ ಹೊಗೆ ಎದ್ದಿತು. ಬಳಕೆಯಿಲ್ಲದ ನಳಿಗೆಯೊಂದಕ್ಕೆ ತೊಡಿಸಿದ್ದ, ಕಿರುಬೆರಳ ತುದಿಯಷ್ಟು ರಬ್ಬರ್ ಟೋಪಿ ಬಿಸಿಗೆ ಸೀಳಿತ್ತು.

“ಗ್ಯಾಸ್ಕೆಟ್ ಹೋಗಿರೋ ಕುಕ್ಕರ್ ಥರ ಸುಯ್ ಅಂತಿದೆ ಅಂತ ಮೊದಲ ದಿನಾನೇ ಹೇಳಿದ್ದೆನಲ್ಲ ರೀ,” ಎಂದು ಅಡುಗೆಮನೆಯ ಬಾಗಿಲಿನಿಂದ ಮಾತು ಬಂತು. ಹೇಳಿದ್ದು ನಿಜ. ಶಬ್ದಪ್ರಮಾಣದಲ್ಲಿ ಶಬ್ದವೆಂದರೆ ಆಪ್ತವಾಕ್ಯವೇ ಹೊರತು ಸುಯ್ ಎಂಬ ಸದ್ದಲ್ಲ ಎಂದು ನಾವೇ ಅದನ್ನು ಅಂದು ಖಂಡಿಸಿದ್ದೆವು. ಈ ಅಧಿಕರಣವನ್ನು ಇಲ್ಲಿಗೇ ಬಿಡುತ್ತೇವೆ.

ಮಗ ಹೊಸ ಟೋಪಿ ಹಾಕಿ, ಡಯಾಗ್ನೋಸಿಸ್ ಪೆಟ್ಟಿಗೆಯಲ್ಲಿ ‘ಟೆನ್’ ಮತ್ತು ‘ಗ್ರೌಂಡ್’ ತೂತುಗಳಿಗೆ ವೈರಿನ ತುಂಡು ಸಿಕ್ಕಿಸಿ, ಕಿಡಿಯ ಟೈಮಿಂಗ್ 10 ಡಿಗ್ರಿಗೆ ನಿಲ್ಲಿಸಿ, ಗಾಳಿಯ ತಿರುಪು ತಿರುವಿದ. ಮುಳ್ಳು 850ಕ್ಕೆ ಬಂದು ಕೂತಿತು.

ಸಂಜೆ ಹೆದ್ದಾರಿಗೆ ಹೋದೆವು. ನಾಲ್ಕು ಸಾವಿರ ದಾಟಿದ್ದೇ ಎಂಜಿನ್ ಗಂಟಲು ಒಣಗಿದವರಂತೆ ಮುಗ್ಗರಿಸಿತು. ಬೂಸ್ಟಿನಲ್ಲಿ 12ರ ಹತ್ತಿರ ಇರಬೇಕಾದ ಮಿಶ್ರಣದ ಮೀಟರು 14 ತೋರಿಸುತ್ತಿತ್ತು: ಗಾಳಿ ಸಮೃದ್ಧ, ಪೆಟ್ರೋಲು ಬರ. ಹಳೆಯ ವೈರಿನಲ್ಲಿ ವೋಲ್ಟೇಜು ಸೋರಿ ಪೆಟ್ರೋಲು ತಳ್ಳುವ ಪಂಪು ಸೊರಗಿರಬಹುದೆಂಬ ಅನುಮಾನಕ್ಕೆ ಐದು ಅವಯವಗಳನ್ನೂ ಜೋಡಿಸಿ, ಮೊದಲು ಮೀಟರ್ ಹಿಡಿದು ನೋಡೋಣವೆಂದು ವಿಧಿಸುವಷ್ಟರಲ್ಲಿ ಮಗ ಫೋನಿನಲ್ಲಿ ದೊಡ್ಡ ಪಂಪಿಗೆ ಆರ್ಡರ್ ಹಾಕಿದ್ದ.

ಪಂಪು ಶುಕ್ರವಾರ ಬರುತ್ತದಂತೆ. ನಮ್ಮ ವಿಮಾನ ಗುರುವಾರ.