ವೆಜ್ಜಣ್ಣ

ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿ ಕಡೆ ಯಾರ ಮನೆಗೆ ಹೋದರೂ ಬಾಡು ತಿನ್ನದ ದಿನಗಳಿಗೆ ಒಂದು ಲೆಕ್ಕವಿರುತ್ತದೆ. ಸೋಮವಾರ ಮಂಜುನಾಥನದು, ಶನಿವಾರ ತಿಮ್ಮಪ್ಪನದು. ಶ್ರಾವಣ ಪೂರ್ತಿ ಬಿಡುವವರಿದ್ದಾರೆ. ಕಾರ್ತಿಕದಲ್ಲಿ ಅಯ್ಯಪ್ಪನ ಮಾಲೆ ಹಾಕಿದವರು ಮೊಟ್ಟೆಯ ಬುಟ್ಟಿ ಕಂಡರೂ ಮುಖ ತಿರುಗಿಸುತ್ತಾರೆ. ಮದುವೆಯಲ್ಲಿ ಸಿಹಿಯೂಟ, ಬಾಡೇನಿದ್ದರೂ ಆಮೇಲಿನ ಬೀಗರೂಟಕ್ಕೆ. ಎಲ್ಲ ಕೂಡಿಸಿದರೆ ವರ್ಷದ ಬಹುಪಾಲು ಊರಿಗೆ ಊರೇ ಸಸ್ಯಾಹಾರಿ. ಆದರೆ ಅದನ್ನು ಯಾರೂ ಹೇಳಿಕೊಂಡು ತಿರುಗುವುದಿಲ್ಲ. ತಿರುಗುವವನು ಒಬ್ಬನೇ, ಅವನು ವೆಜ್ಜಣ್ಣ.

ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಈಗ ಅದು ಆಧಾರ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ವಯಸ್ಸು ಇಪ್ಪತ್ತೈದರ ಆಸುಪಾಸು, ಪೀಣ್ಯದಲ್ಲಿ ಕೆಲಸ, ಸುಂಕದಕಟ್ಟೆಯಲ್ಲಿ ರೂಮು, ಶನಿವಾರ ರಾತ್ರಿ ಬೈಕಿನಲ್ಲಿ ಊರಿಗೆ. ಒಂದು ರಾತ್ರಿ ಮೊಬೈಲಿನಲ್ಲಿ ಕೋಳಿ ಫಾರಮ್ಮಿನ ವಿಡಿಯೊ ನೋಡಿದ. ಮಾರನೆಯ ದಿನ ಅವ್ವ ಮಗ ಬಂದಿದ್ದಾನೆಂದು ನಾಟಿ ಕೋಳಿ ಕುಯ್ಯಿಸಿ ಖಾರ ರುಬ್ಬುತ್ತಿರುವಾಗ ಹೇಳಿದ: “ನಾನು ಇವತ್ತಿಂದ ವೆಜ್ಜು.”

ಅವ್ವ ಹಣೆ ಮುಟ್ಟಿ ನೋಡಿದಳು. ಅಜ್ಜಿ ಮಾತ್ರ ವಿಚಾರಣೆಗೆ ಕೂತಳು.

“ಯಾವ್ ವಾರ್ಲಾ ನಿಂದು?”

“ಎಲ್ಲಾ ವಾರಾನೂ ಅಜ್ಜಿ.”

“ಯಾವ್ ದೇವ್ರಿಗೆ ಹರಸ್ಕಂಡಿದ್ದೀಯ?”

“ಯಾವ ದೇವ್ರಿಗೂ ಇಲ್ಲ.”

ದೇವರಿಲ್ಲ, ವಾರವಿಲ್ಲ, ಡಾಕ್ಟರೂ ಹೇಳಿಲ್ಲ. ಕಾರಣವೇ ಇಲ್ಲದ ಇಂಥ ಕಟ್ಟುನಿಟ್ಟು ನಮ್ಮ ಕಡೆ ಸೀದಾ ಅನುಮಾನಕ್ಕೆ ತಿರುಗುತ್ತದೆ. ಪಕ್ಕದ ಮನೆಯಾಕೆ ಸಂಜೆ ಹಾಲಿನ ಡೈರಿ ಹತ್ತಿರ ಅವ್ವನನ್ನು ಮರೆಗೆ ಕರೆದು ಮೆಲ್ಲಗೆ ಕೇಳಿದಳು: “ಹುಡುಗಿ ಯಾವ ಜಾತಿಯಂತಕ್ಕ?”

ಹುಡುಗಿ ಇರಲಿಲ್ಲ. ಇದ್ದಿದ್ದರೆ ಎಲ್ಲರಿಗೂ ಅರ್ಥವಾಗಿಬಿಡುತ್ತಿತ್ತು.

ವೆಜ್ಜಣ್ಣನ ನಿಜವಾದ ಸಮಸ್ಯೆ ಬೇರೆ. ಅವನಿಗೆ ಸೊಪ್ಪು ಸೇರುವುದಿಲ್ಲ. ಬದನೆಕಾಯಿ ಲೋಳೆ, ಹೀರೇಕಾಯಿ ಸಪ್ಪೆ, ಹುರುಳಿಕಟ್ಟು ವಾಸನೆ. ಅವನ ಸಸ್ಯಾಹಾರದಲ್ಲಿ ಸಸ್ಯ ಅಂದರೆ ಹೂಕೋಸೊಂದೇ, ಅದೂ ಕೆಂಪಗೆ ಕರಿದು ಸಾಸಿನಲ್ಲಿ ಹೊರಳಾಡಿಸಿದ್ದರೆ. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಕೂಡದೆಂದು ಆದೇಶ ಮಾಡಿದಾಗ ಅವನು ಸೂತಕದಲ್ಲಿದ್ದವನ ಹಾಗೆ ಓಡಾಡಿದ. ಪನ್ನೀರನ್ನು ಮನೆಗೆ ತಂದ ದಿನ ಅಜ್ಜಿ ಬೆರಳಲ್ಲಿ ಒತ್ತಿ ನೋಡಿ ಅಂದಳು: “ಹಾಲು ಒಡೆದ್ರೆ ನಾವು ಎಮ್ಮೆ ಕಲಗಚ್ಚಿಗೆ ಸುರೀತೀವಿ. ಇದಕ್ಕೆ ದುಡ್ಡು ಕೊಟ್ಟು ಬಂದ್ಯಾ?” ಇನ್ನೊಮ್ಮೆ ಸೋಯಾ ಉಂಡೆಗೆ ಕೋಳಿ ಸಾರಿನ ಮಸಾಲೆಯನ್ನೇ ಹಾಕಿಸಿ, “ನೋಡಿ, ಥೇಟ್ ಬಾಡಿನ ಥರಾನೇ ಇದೆ” ಎಂದು ಎಲ್ಲರಿಗೂ ಬಡಿಸಿದ. ಅಜ್ಜಿ ಒಂದು ತುಂಡು ಅಗಿದಳು. “ಬಾಡಿನಂಗೈತೆ ಅಂತ ಖುಷಿ ಪಡೋನಿಗೆ ಬಾಡನ್ನೇ ತಿನ್ನಾಕೇನ್ಲಾ ರೋಗ?”

ಇದನ್ನು ಕೇಳಿದ ಅಜ್ಜಿ ಹೊಸತೊಡಕಿನ ದಿನ ಮೂಳೆ ಚೀಪುವುದರಲ್ಲಿ ಯಾರಿಗೂ ಸೋತವಳಲ್ಲ. ಆದರೆ ಉಳಿದ ದಿನ ಅವಳ ಒಲೆಯ ಮೇಲೆ ಕುದಿಯುವುದೆಲ್ಲ ಹೊಲದ ಬದುವಿನಿಂದ ಬಂದದ್ದು. ಬೆಳಿಗ್ಗೆ ಸೆರಗಿನ ಮಡಿಲಲ್ಲಿ ಬೆರಕೆ ಸೊಪ್ಪು ತರುತ್ತಾಳೆ: ಅಣ್ಣೆ, ಕಿರಕಸಾಲೆ, ಗಣಿಕೆ, ಹೊನಗೊನ್ನೆ. ಮೊರಕ್ಕೆ ಸುರಿದು, ಹುಲ್ಲು ತೆಗೆದು, ಬಲಿತ ದಂಟು ಮುರಿದು, ಎಲೆ ಬಿಡಿಸುವಷ್ಟರಲ್ಲಿ ಬಿಸಿಲು ಜಗಲಿಗೆ ಬಂದಿರುತ್ತದೆ. ಮಸ್ಸೊಪ್ಪು, ಉಪ್ಸಾರು ಅದರಿಂದಲೇ. ಚಳಿಗಾಲ ಬಂದರೆ ಸೊಗಡು ಅವರೆ. ಮಾಗಡಿ ಅವರೆಕಾಯಿ ಬೆಂಗಳೂರಿಗೆ ಮೂಟೆಗಟ್ಟಲೆ ಹೋಗಿ ಅಲ್ಲಿ ಅವರೆಬೇಳೆ ಮೇಳವೇ ನಡೆಯುತ್ತದೆ. ಮೇಳದಲ್ಲಿ ಪ್ಲೇಟು ಹಿಡಿದು ಫೋಟೊ ತೆಗೆಸಿಕೊಳ್ಳುವ ವೆಜ್ಜಣ್ಣನಿಗೆ, ಮನೆಯಲ್ಲಿ ರಾತ್ರಿ ನೆನೆಹಾಕಿದ ಕಾಳನ್ನು ಒಂದೊಂದೇ ಹಿದುಕುವ ಅವ್ವನ ಹೆಬ್ಬೆರಳು ಕಾಣುವುದಿಲ್ಲ.

ರೂಮಿನಲ್ಲಿ ತಾನೇ ಅಡುಗೆ ಮಾಡಿಕೊಳ್ಳುವ ಹುಮ್ಮಸ್ಸು ಬಂದಾಗ ಮೊದಲು ಕೈ ಹಾಕಿದ್ದು ಬಸ್ಸಾರಿಗೆ. ಫೋನಿನಲ್ಲಿ ಅವ್ವ ಹೇಳಿದಳು: ಕಾಳು ಬೇಯಿಸು, ಅರ್ಧ ಬೆಂದ ಮೇಲೆ ಸೊಪ್ಪು ಹಾಕು, ಉಪ್ಪು ಹಾಕು, ಬಸಿ. ಬಸಿದ. ಮತ್ತೆ ಅರ್ಧ ಗಂಟೆಗೆ ಫೋನು.

“ಬಸಿದಾಯ್ತವ್ವ, ಆಮೇಲೆ?”

“ಈರುಳ್ಳಿ, ಬೆಳ್ಳುಳ್ಳಿ ಸುಟ್ಕೊ. ಕಾಯಿ, ಜೀರಿಗೆ, ಮೆಣಸು, ಹುಣಸೆಹಣ್ಣು, ಖಾರದ ಪುಡಿ, ಬೆಂದಿರೋ ಸೊಪ್ಪು-ಕಾಳು ಒಂದಿಡಿ, ಎಲ್ಲ ಸೇರಿಸಿ ರುಬ್ಬು. ಬಸಿದ ಕಟ್ಟಿಗೆ ಹಾಕಿ ಕುದಿಸು.”

“ಯಾವ ಕಟ್ಟು?”

“ಬಸಿದ್ಯಲ್ಲಪ್ಪಾ, ಆ ನೀರು.”

“ಅದನ್ನ ಸಿಂಕಿಗೆ ಚೆಲ್ಲಿದ್ನಲ್ಲ.”

ಅವತ್ತು ಸಾರಿಲ್ಲದ ಪಲ್ಯವನ್ನು ಹಂಚಿಕೊಂಡ ರೂಮ್‌ಮೇಟು, ಅರ್ಧ ಊಟಕ್ಕೆ ಎದ್ದು ಹೋಗಿ ಕೆಳಗಿನ ಅಂಗಡಿಯಿಂದ ಎಗ್ ರೈಸ್ ಕಟ್ಟಿಸಿಕೊಂಡು ಬಂದ.

ವಾದದಲ್ಲಿ ಮಾತ್ರ ವೆಜ್ಜಣ್ಣ ಗಟ್ಟಿಗ. ನಮ್ಮ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 2019ರವರೆಗೆ ಬದುಕಿದರಲ್ಲ, ಅದು ಅವನ ಬ್ರಹ್ಮಾಸ್ತ್ರ. “ನೂರ ಹನ್ನೊಂದು ವರ್ಷ! ಏನು ತಿಂದು?” ಎನ್ನುತ್ತಾನೆ. ಅಜ್ಜಿ ಸ್ವಾಮಿಗಳ ಹೆಸರು ಬಂದೊಡನೆ ಕೈ ಮುಗಿದು, “ಅವ್ರು ಮಂಚೂರಿ ತಿಂತಿದ್ರಾ?” ಎನ್ನುತ್ತಾಳೆ. ಚಿಕ್ಕಪ್ಪನದು ಇನ್ನೂ ಮೊನಚು. ರಾಮನಗರದ ಮಾರುಕಟ್ಟೆಗೆ ಗೂಡು ಹಾಕಿ ಬಂದವನು ಚಂದ್ರಿಕೆ ಒರಸುತ್ತಲೇ ಕೇಳಿದ: “ನೂಲು ಬಿಚ್ಚೋಕೆ ಗೂಡನ್ನ ಬಿಸಿನೀರಲ್ಲಿ ಬೇಯಿಸ್ತಾರಲ್ಲ, ಒಳಗಿರೋ ಹುಳ ಏನಾಯ್ತದೆ ಹೇಳು. ನಿನ್ನ ಡಿಪ್ಲೊಮಾ ಫೀಸು ಕಟ್ಟಿದ್ದು ಅದೇ ಹುಳ ಕಣ್ಲಾ.” ವೆಜ್ಜಣ್ಣ ಫೋನು ಬಂದವನ ಹಾಗೆ ಎದ್ದು ಆಚೆಗೆ ಹೋದ.

ಬೀಗರೂಟದಲ್ಲಿ ಅವನನ್ನು ಹುಡುಕುವುದು ಸುಲಭ. ಶಾಮಿಯಾನದ ತುದಿ, ಕೈ ತೊಳೆಯುವ ಡ್ರಮ್ಮಿನ ಪಕ್ಕ ಒಂದು ಟೇಬಲ್ಲು. ಅಲ್ಲಿ ಕಪ್ಪು ಪಂಚೆಯ ಮಾಲೆಧಾರಿಗಳು, ಒಬ್ಬ ಲಿಂಗಾಯತ ಮೇಷ್ಟ್ರು, ಶನಿವಾರ ಬಿಟ್ಟ ಒಂದಿಬ್ಬರು ಮುದುಕಿಯರು, ನಡುವೆ ವೆಜ್ಜಣ್ಣ. ಬಡಿಸುವವರು ಆ ಕಡೆ ತಿರುಗುವುದು ಬೋಟಿ ಗೊಜ್ಜಿನ ಬಕೆಟ್ಟು ಖಾಲಿಯಾದ ಮೇಲೆ. ಅನ್ನ, ತಿಳಿಸಾರು, ಹಪ್ಪಳ. ಸೌಟು ಯಾವ ಬಕೆಟ್ಟಿನದೆಂದು ಅವನು ವಿಚಾರಿಸುವುದರೊಳಗೆ ಸಾರು ಎಲೆ ಮೇಲಿರುತ್ತದೆ.

ಈಚೆಗೆ ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ. ಕುಣಿಗಲ್ ಕಡೆಯ ಸಂಬಂಧ. ಮಧ್ಯಸ್ಥಗಾರ ಹೆಮ್ಮೆಯಿಂದ ಶುರು ಮಾಡಿದ: “ಹುಡುಗ ಕುಡಿಯಲ್ಲ, ಸೇದಲ್ಲ, ಬಾಡೂ ಮುಟ್ಟಲ್ಲ.” ಮೊದಲ ಎರಡಕ್ಕೆ ತಲೆ ಆಡಿಸಿದ ಹೆಣ್ಣಿನ ಅಪ್ಪ ಮೂರನೆಯದಕ್ಕೆ ಲೋಟ ಕೆಳಗಿಟ್ಟ. “ಯಾಕೆ, ಶುಗರ್ರಾ?”

ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ಹಿತ್ತಿಲಿಗೆ ಕಳಿಸಿದರು. ವೆಜ್ಜಣ್ಣ ಕೋಳಿ ಫಾರಮ್ಮಿನಿಂದ ಹಿಡಿದು ಕೊಲೆಸ್ಟ್ರಾಲ್‌ವರೆಗೆ ಎಲ್ಲ ಹೇಳಿದ. ಹುಡುಗಿ ಪೂರ್ತಿ ಕೇಳಿಸಿಕೊಂಡಳು.

“ನೀವು ತಿಂದ್ರೇನು ಬಿಟ್ರೇನು, ನಂಗೇನಿಲ್ಲ ಬಿಡಿ. ಭಾನುವಾರ ನಾನು ತಿಂತೀನಿ. ಕೋಳಿ ಸಾರಾದ್ರೆ ಬೇಗ ಆಗೋಗುತ್ತೆ. ದಿನಾ ಸೊಪ್ಪು, ಕಾಳು ಅಂದ್ರೆ ಬಿಡಿಸೋರು ಯಾರು?”

“ಪನ್ನೀರೂ ಮಾಡ್ಬಹುದು” ಎಂದನಂತೆ ವೆಜ್ಜಣ್ಣ.

ಮಾತುಕತೆ ಇನ್ನೂ ಮುರಿದಿಲ್ಲ. ಹೋದ ಭಾನುವಾರ ನೋಡಿದರೆ ಜಗಲಿಯ ಮೇಲೆ ಅಜ್ಜಿಯ ಪಕ್ಕ ಕೂತು ಕಿರಕಸಾಲೆ ಬಿಡಿಸುತ್ತಿದ್ದ. ಅವನು ಬಿಡಿಸಿ ಗುಡ್ಡೆ ಹಾಕಿದ್ದನ್ನೆಲ್ಲ ಅಜ್ಜಿ ಮತ್ತೆ ಮೊರಕ್ಕೆ ಸುರಿದುಕೊಂಡು ಹುಲ್ಲು ಆರಿಸುತ್ತಿದ್ದಳು.