ಉದ್ಯೋಗ-ಕುಟುಂಬ ಸಮತೋಲನ ಮೀಮಾಂಸೆ: ಕುಕ್ಕರ್ ಕೂಗಿನ ಪರಿಪ್ರೇಕ್ಷ್ಯದಲ್ಲಿ ಒಂದು ಬಹುಶಿಸ್ತೀಯ ಅನುಸಂಧಾನ

ಪ್ರಸ್ತುತ ಪ್ರಬಂಧವು ಸಮತೋಲನವೆಂಬ ಬಹುಆಯಾಮೀ ಪರಿಕಲ್ಪನೆಯನ್ನು ಸಮಗ್ರ ಸೈದ್ಧಾಂತಿಕ ಚೌಕಟ್ಟಿನೊಳಗಿಟ್ಟು ನೋಡುವ ವಿನಮ್ರ ಪ್ರಯತ್ನ. ಕುಟುಂಬಕ್ಕೆ ಸಮಯ ಕೊಡುವುದು ಹೇಗೆಂದು ಶನಿವಾರ ಇಡೀ ದಿನ ಕೂರಿಸಿಕೊಂಡು ಬೋಧಿಸಿದ ಕಾರ್ಯಾಗಾರವೊಂದಕ್ಕೆ ಸಂಶೋಧಕಿ ಚಿರಋಣಿ.

ಸಮತೋಲನವು ನಾಲ್ಕು ವಿಧ. ಮೊದಲನೆಯದು ಮ್ಯೂಟ್‌ಪ್ರಧಾನ: ಮ್ಯಾನೇಜರ್ ವಾಣಿ ಮತ್ತು ಕುಕ್ಕರ್ ಕೂಗುಗಳ ದ್ವಂದ್ವಾತ್ಮಕ ಸಂಘರ್ಷವನ್ನು ಒಂದೇ ಬೆರಳಿನಿಂದ ಶಮನಗೊಳಿಸುವುದು. ಮೂರನೇ ಕೂಗಿಗೂ ‘ನಿಮ್ಮ ಅಭಿಪ್ರಾಯ ಏನು?’ ಎಂಬ ಪ್ರಶ್ನೆಗೂ ಏಕಕಾಲಸಂಭವ ದೋಷವುಂಟು. ಪರಿಹಾರ ಇನ್ನೂ ದೊರೆತಿಲ್ಲ. ಎರಡನೆಯದು ಅಜ್ಜಿ-ಆಶ್ರಿತ: ಮಂಡಿನೋವಿನ ಅಮ್ಮನನ್ನೋ ಅತ್ತೆಯನ್ನೋ ಊರಿಂದ ಕರೆಸಿಕೊಂಡು ‘ಸಪೋರ್ಟ್ ಸಿಸ್ಟಮ್’ ಎಂದು ನಾಮಕರಣ ಮಾಡುವುದು. ಈ ಸಿಸ್ಟಮ್ಮಿಗೆ ಸಂಬಳವಿಲ್ಲ, ರಜೆಯಿಲ್ಲ. ಮೂರನೆಯದು ಶಾಸನೋಕ್ತ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯು 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಬೇಕೆಂದಿತು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದೆಂದಿತು. ಅಪ್ಪನ ವಿಷಯದಲ್ಲಿ ಆ ತಿದ್ದುಪಡಿಯು ಮೌನವ್ರತಧಾರಿ. ನಾಲ್ಕನೆಯ ವಿಧವನ್ನು ವಿಂಗಡಿಸಲು ಸಂಶೋಧಕಿಗೆ ಪುರುಸೊತ್ತಿಲ್ಲ. ಬಿಟ್ಟೆ.

ಇನ್ನು ಗಣಿತಭಾಗ. ವಾರಕ್ಕೆ 70 ಗಂಟೆ ದುಡಿಯಿರಿ ಎಂದು 2023ರಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರ ವಾಕ್ಯ. 90 ಎಂದು 2025ರಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರ ಭಾಷ್ಯ, ಮನೆಯಲ್ಲಿ ಕೂತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂಬ ಟಿಪ್ಪಣಿ ಸಹಿತ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88. ಭಾಷ್ಯಕಾರರ ಮಾತನ್ನು ಒಬ್ಬ ಹೆಂಗಸು ಪಾಲಿಸಿದಳೆನ್ನಿ. ವಾರದ 168 ಗಂಟೆಯಲ್ಲಿ 90 ಕಳೆದು, ಮನೆಗೆಲಸದ ಸುಮಾರು 34 ಕಳೆದರೆ ಉಳಿದದ್ದು 44. ನಿದ್ದೆ, ಸ್ನಾನ, ಮಗುವಿನ ಹೋಂವರ್ಕ್, ಸಿಲ್ಕ್ ಬೋರ್ಡ್ ಜಂಕ್ಷನ್ ಟ್ರಾಫಿಕ್, ಎಲ್ಲವೂ ಇದರೊಳಗೇ. ಹೆಂಡತಿಯ ಮುಖವನ್ನು ಯಾರಾದರೂ ನೋಡಬೇಕೆಂದರೂ ಅವಳು ಕೂತಿರಬೇಕಲ್ಲ!

ಪರಿಪ್ರೇಕ್ಷ್ಯವೂ ಸಾಕು, ಅನುಸಂಧಾನವೂ ಸಾಕು. ಮಗು ಜ್ವರದಲ್ಲಿ ಸುಡುತ್ತಿರುವಾಗ ಲ್ಯಾಪ್‌ಟಾಪ್ ಮುಂದೆ ಕೂತು ನಗುಮುಖದಿಂದ ‘ಗುಡ್ ಮಾರ್ನಿಂಗ್’ ಹೇಳುವವಳಿಗೆ ಉಸಿರಾಟದ ವ್ಯಾಯಾಮ ಕಲಿಸುತ್ತೀರಲ್ಲ ಸ್ವಾಮಿ, ಅವಳು ಕೇಳಿದ್ದು ಅದನ್ನಲ್ಲ. ಒಂದು ದಿನದ ರಜೆ. ಕೊಟ್ಟರೂ ಅಪ್ರೈಸಲ್‌ನಲ್ಲಿ ‘ಬದ್ಧತೆ ಸಾಲದು’ ಎಂದು ಬರೆಯುತ್ತೀರಿ. ಅದೇ ಜ್ವರಕ್ಕೆ ಅದೇ ರಜೆಯನ್ನು ಅವಳ ಗಂಡ ಕೇಳಿದರೆ, ‘ಯಾಕ್ರೀ, ಮನೇಲಿ ಹೆಂಡ್ತಿ ಇಲ್ವಾ?’