ಗಂಟು ಕಾಯುವ ಹುದ್ದೆ

ಬಂಡೆ ಹತ್ತುವ ಆಟದಲ್ಲಿ ಮೂರು ಹುದ್ದೆಗಳಿವೆ. ಹತ್ತುವವನು, ಕೆಳಗೆ ನಿಂತು ಹಗ್ಗ ಹಿಡಿಯುವವನು, ಗಂಟು ಕಾಯುವವನು. ಮೊದಲಿನ ಇಬ್ಬರಿಗೆ ತರಬೇತಿ ಶಿಬಿರಗಳಿವೆ, ಪ್ರಮಾಣಪತ್ರಗಳಿವೆ, ಇಂಗ್ಲಿಷಿನಲ್ಲಿ ದಪ್ಪ ದಪ್ಪ ಪುಸ್ತಕಗಳಿವೆ. ಮೂರನೆಯವನಿಗೆ ಒಂದು ಬಡಿಗೆ ಇದೆ. ಬಾದಾಮಿಯ ಕೆಂಪು ಬಂಡೆಗಳ ಬುಡದಲ್ಲಿ ಆ ಮೂರನೆಯ ಹುದ್ದೆಯನ್ನು ಸದ್ಯ ನಾನು ಅಲಂಕರಿಸಿದ್ದೇನೆ.

ನೇಮಕಾತಿಗೆ ಅರ್ಜಿ, ಸಂದರ್ಶನ ಏನೂ ಇರಲಿಲ್ಲ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಬೆನ್ನುನೋವು ತಂದುಕೊಂಡಿರುವ ನನ್ನ ಅಕ್ಕನ ಮಗ, ಅದನ್ನು ಕಳೆಯಲು ಪ್ರತಿ ಚಳಿಗಾಲ ಗೆಳೆಯರ ದಂಡು ಕಟ್ಟಿಕೊಂಡು ಚೊಳಚಗುಡ್ಡದ ನಮ್ಮ ಮನೆಗೆ ಬರುತ್ತಾನೆ. "ಮಾಮಾ, ಹೆಂಗೂ ರಿಟೈರ್ ಆಗೀರಿ. ಬಂದು ಸುಮ್ನ ನೆರಳಾಗ ಕೂಡ್ರಿ" ಎಂದ. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಐದು ಕಿಲೋಮೀಟರ್ ದೂರದ ಬಾದಾಮಿಗೆ ಒಯ್ದ. ನೆರಳೇನೋ ಇತ್ತು. ಸುಮ್ಮನೆ ಕೂಡುವ ಭಾಗ್ಯವಿರಲಿಲ್ಲ.

ಹತ್ತುವವನ ಪ್ರಾಣ ಹಗ್ಗ ಹಿಡಿದವನ ಕೈಯಲ್ಲಿರುತ್ತದೆ. ಅವನು ಸೀನಿದರೂ ಹಗ್ಗ ಬಿಡುವಂತಿಲ್ಲ, ಕತ್ತು ಹಿಂದಕ್ಕೆ ವಾಲಿಸಿ ಮೇಲೆಯೇ ನೋಡುತ್ತಿರಬೇಕು. ಅಂದರೆ ಬಂಡೆಯ ಬುಡದಲ್ಲಿ ಸಾವಿರಾರು ರೂಪಾಯಿಯ ಸಾಮಾನು ಹರಡಿಕೊಂಡು, ಒಬ್ಬನು ಆಕಾಶದಲ್ಲಿ, ಇನ್ನೊಬ್ಬನು ಆಕಾಶ ನೋಡುತ್ತ. ಈ ಪರಿಸ್ಥಿತಿ ಬಾದಾಮಿಯ ಮಂಗಗಳಿಗೆ ನಮಗಿಂತ ಚೆನ್ನಾಗಿ ಅರ್ಥವಾಗಿದೆ. ಮೇಲಿನವನ ಕಾಲು ನಡುಗತೊಡಗಿ, "ಬಿಗೀ ಹಿಡಿಯೋ!" ಎಂದು ಚೀರಿದ ಗಳಿಗೆಗೇ ಅವು ಇಳಿಯುತ್ತವೆ. ಚೀರು ಅವುಗಳ ಪಾಲಿಗೆ ಊಟದ ಗಂಟೆ.

ಇಲ್ಲಿಯದು ಮರಳುಗಲ್ಲು. ಪದರ ಪದರವಾಗಿ ಕೂತು ಅಡ್ಡಡ್ಡ ಸೀಳಿದ್ದು, ಬೆರಳು ಸಿಗಿಸಲು ಅಂಚುಗಳು ಬೇಕಾದಷ್ಟು. ಚಾಲುಕ್ಯರ ಮಂಗಳೇಶನ 578ರ ಶಾಸನವಿರುವ ಮೂರನೆಯ ಗುಹೆಯನ್ನು ಕೊರೆದದ್ದು ಇದೇ ಕಲ್ಲಿನಲ್ಲಿ. ಬೇಸಿಗೆಯಲ್ಲಿ ಮುಟ್ಟಲಾಗದಷ್ಟು ಕಾಯುವುದರಿಂದ ಹತ್ತುವವರೆಲ್ಲ ನವೆಂಬರಿನಿಂದ ಫೆಬ್ರವರಿಯೊಳಗೆ ಬರುತ್ತಾರೆ. ಬಂಡೆಗೆ ಬೋಲ್ಟ್ ಕೂರಿಸಿ ಮಾಡಿಕೊಂಡ ಹಾದಿಗಳಿಗೆ ಹೆಸರುಗಳೂ ಉಂಟು. ಅತಿ ಕಠಿಣವಾದವುಗಳಲ್ಲಿ ಒಂದು 'ಗಣೇಶ'. ಫ್ರಾನ್ಸಿನ ಅಲೆಕ್ಸ್ ಶಾಬೊ ಹತ್ತಿದ ಹಾದಿ, ದರ್ಜೆ 8ಬಿ+. 642ರಲ್ಲಿ ಪಲ್ಲವರು ವಾತಾಪಿಯನ್ನು, ಅಂದರೆ ಇದೇ ಬಾದಾಮಿಯನ್ನು, ಗೆದ್ದಾಗ ಇಲ್ಲಿನ ಗಣಪತಿಯನ್ನೇ ಎತ್ತಿಕೊಂಡು ತಮಿಳು ನಾಡಿಗೆ ಹೋದರೆಂಬ ಐತಿಹ್ಯವಿದೆ. ಈ ಸಲದ ಗಣೇಶನನ್ನು ಬೋಲ್ಟ್ ಹೊಡೆದು ಬಂಡೆಗೇ ಬಿಗಿದದ್ದು ಒಳ್ಳೆಯದಾಯಿತು. ಬಿಗಿಯದೆ ಬಿಟ್ಟಿದ್ದೆಲ್ಲ ನನ್ನ ಸುಪರ್ದಿಗೆ.

ಕಳ್ಳರಲ್ಲಿ ಎರಡು ಜಾತಿ. ಕರಿಮುಖದ, ಉದ್ದ ಬಾಲದ ಮುಸ್ಯಾಗಳು ಮೂಲತಃ ಎಲೆ ತಿನ್ನುವವು. ಎಲೆ ಅರಗಿಸಲು ಹಲವು ಕೋಣೆಗಳ ಹೊಟ್ಟೆಯನ್ನು ದೇವರು ಕೊಟ್ಟಿದ್ದಾನೆ, ಅದಕ್ಕೇ ಏನೋ ಸ್ವಲ್ಪ ಗಾಂಭೀರ್ಯವನ್ನೂ ಕೊಟ್ಟಿದ್ದಾನೆ. ಕದಿಯುವುದಿಲ್ಲವೆಂದಲ್ಲ, ಕದ್ದರೂ ನಾಚಿಕೊಂಡವರಂತೆ ದೂರ ಹೋಗಿ ತಿನ್ನುತ್ತವೆ. ಗಿಡ್ಡ ಮೈಯ, ಕೆಂಪು ಮೋತಿಯ ಮಂಗ್ಯಾಗಳಿಗೆ ಆ ಸಂಕೋಚವಿಲ್ಲ. ಅವಕ್ಕೆ ಗಲ್ಲದೊಳಗೆ ಚೀಲಗಳಿವೆ. ಕೈಗೆ ಸಿಕ್ಕಿದ್ದನ್ನು ಮೊದಲು ಅಲ್ಲಿ ತುರುಕುವುದು, ಬೆನ್ನಟ್ಟಿದವರು ಸುಸ್ತಾದ ಮೇಲೆ ಬಂಡೆಯ ನೆತ್ತಿಯಲ್ಲಿ ಕೂತು ನಿಧಾನವಾಗಿ ಅಗಿಯುವುದು. ಒಮ್ಮೆ ಗಲ್ಲ ಸೇರಿದ್ದು ಮರಳಿ ಬಾರದು. ವಾತಾಪಿಯೆಂಬ ರಾಕ್ಷಸನನ್ನು ಅಗಸ್ತ್ಯರು ಅರಗಿಸಿಕೊಂಡ ದಿನದಿಂದಲೇ ಈ ಊರಲ್ಲಿ ನುಂಗಿದ್ದನ್ನು ಹಿಂದಿರುಗಿಸುವ ಪದ್ಧತಿ ನಿಂತುಹೋಗಿದೆ.

ಬೆವರಿದ ಕೈ ಜಾರದಿರಲೆಂದು ಹತ್ತುವವರು ಸೊಂಟಕ್ಕೆ ಒಂದು ಸಣ್ಣ ಚೀಲದಲ್ಲಿ ಮೆಗ್ನೀಸಿಯಂ ಕಾರ್ಬೊನೇಟಿನ ಬಿಳಿ ಪುಡಿ ಕಟ್ಟಿಕೊಳ್ಳುತ್ತಾರೆ. ಅಳಿಯನ ಗೆಳತಿಯೊಬ್ಬಳು ನೀರು ಕುಡಿಯಲು ಅದನ್ನು ಬಿಚ್ಚಿಟ್ಟಳು. ಒಂದು ಮಂಗ್ಯಾ ಬಂದು ಮೊಳಕೈಯವರೆಗೆ ಕೈ ಹಾಕಿತು. ಹಿಟ್ಟೆಂದು ತಿಳಿಯಿತೋ ಸಕ್ಕರೆಯೆಂದೋ, ಮುಖಕ್ಕೆ ಒತ್ತಿಕೊಂಡಿತು, ಉಗುಳಿತು, ಒರೆಸಿಕೊಂಡಿತು, ಒರೆಸಿದಷ್ಟೂ ಹರಡಿತು. ಕಡೆಗೆ ಬನಶಂಕರಿ ಜಾತ್ರೆಯ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿಕೊಂಡು ಪರದೆಯ ಸಂದಿಯಿಂದ ಇಣುಕುವ ಹಾಸ್ಯಪಾತ್ರಧಾರಿಯ ಹಾಗೆ ಕಲ್ಲಿನ ಮರೆಯಿಂದ ನಮ್ಮನ್ನೇ ನೋಡುತ್ತ ಕೂತಿತು. ಅದರ ಬಳಗದವರೇ ಅದನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ.

ನಾವೆಲ್ಲ ನಕ್ಕೆವು, ಫೋಟೋ ತೆಗೆದೆವು. ಅದು ಗಂಟು ಕಾಯುವವನಿಗೆ ಶೋಭಿಸುವ ನಡತೆಯಲ್ಲ. ಮಂಗ ಹೆದರಿ ಶರಣಾದಾಗ ಹಲ್ಲು ಕಿರಿಯುತ್ತದೆ. ದಿಟ್ಟಿಸಿ ನೋಡಿದರೆ ಮಾತ್ರ ಕಾಲು ಕೆರೆದು ಜಗಳಕ್ಕೆ ನಿಂತಂತೆ. ಹಲ್ಲು ಬಿಟ್ಟು ಸೆಲ್ಫಿ ತೆಗೆದುಕೊಳ್ಳುವ ಪ್ರವಾಸಿ ಅದಕ್ಕೆ ಹೇಳುತ್ತಿರುವುದು ಇಷ್ಟೇ: ಸ್ವಾಮೀ, ನಾನು ಹೆದರಿದ್ದೇನೆ, ಬೇಕಾದ್ದು ಒಯ್ಯಿರಿ. ಅದು ಹೇಳಿದ್ದನ್ನು ಕೇಳುತ್ತದೆ.

ಅಳಿಯ ಓದಿಕೊಂಡವನು. ಅಮೆರಿಕದ ಯೋಸೆಮಿಟಿ ಕಾಡಿನಲ್ಲಿ ಊಟದ ಸಾಮಾನನ್ನು ಕರಡಿಗೆ ತೆರೆಯಲು ಬಾರದ ಗಟ್ಟಿ ಡಬ್ಬಿಯಲ್ಲಿಡುವ ನಿಯಮವಿದೆ, ನ್ಯೂಜಿಲೆಂಡಿನ ಬೆಟ್ಟಗಳಲ್ಲಿ ಕೀಯಾ ಎಂಬ ಗಿಳಿ ಕೊಕ್ಕಿನಿಂದ ಡೇರೆ, ಬೂಟುಗಳನ್ನು ಚಿಂದಿ ಮಾಡುತ್ತದೆ ಎಂದೆಲ್ಲ ಹೇಳಿ ನನ್ನ ಹುದ್ದೆಗೆ ಅಂತರರಾಷ್ಟ್ರೀಯ ಘನತೆ ತಂದುಕೊಟ್ಟ. ಕರಡಿಗೆ ನಮ್ಮ ಕಡೆಯೂ ಬಡತನವಿಲ್ಲ, ದರೋಜಿಯಲ್ಲಿ 1994ರಿಂದ ಅವಕ್ಕೇ ಒಂದು ಧಾಮವಿದೆ. ಆದರೆ ಅವು ಬಾದಾಮಿಯವರೆಗೆ ಬಂದು ಜಿಪ್ ಎಳೆಯುವುದಿಲ್ಲ. ಕರಡಿಯ ಕಾಟವಿದ್ದಲ್ಲಿ ಚೀಲವನ್ನು ಮರದ ಕೊಂಬೆಗೆ ನೇತುಹಾಕುವುದು ಹಳೆಯ ಉಪಾಯವಂತೆ. ಅಳಿಯ ಅದನ್ನೂ ಬಾದಾಮಿಯಲ್ಲಿ ಮಾಡಿ ನೋಡಿದ. ಮಂಗ್ಯಾಗಳಿಗೆ ನೆಲಕ್ಕಿಳಿಯುವ ಶ್ರಮ ಉಳಿಯಿತು.

ನನ್ನ ನಿಜವಾದ ಗುರು ಇರುವುದು ನಮ್ಮೂರಲ್ಲೇ, ಬನಶಂಕರಿ ಗುಡಿಯ ಎದುರು. ಹರಿದ್ರಾತೀರ್ಥದ ಹೊಂಡದ ಸುತ್ತ ಕಲ್ಲಿನ ಮಂಟಪಗಳ ಮೇಲೆ ಮಂಗ್ಯಾಗಳ ಸಾಲು, ಕೆಳಗೆ ರೊಟ್ಟಿ ಬುಟ್ಟಿ ಇಟ್ಟುಕೊಂಡ ಹೆಂಗಸರ ಸಾಲು. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಡಿಗೆಯಲ್ಲಿ ಕೆನೆಮೊಸರು. ಇಷ್ಟೆಲ್ಲ ರುಚಿಯನ್ನು ಬಯಲಲ್ಲಿಟ್ಟುಕೊಂಡು ಬದುಕು ಮಾಡುವವರ ಮುಂದೆ ಜಿಪ್ಪು ಬಕ್ಕಲುಗಳ ವಿದ್ಯೆ ಏನು ಮಹಾ? ನಾನು ನೋಡಿಟ್ಟುಕೊಂಡಿರುವ ಅಜ್ಜಿ ಬೆನ್ನನ್ನು ಗೋಡೆಗೆ ಕೊಟ್ಟೇ ಕೂಡುತ್ತಾಳೆ. ಬುಟ್ಟಿ ಎರಡು ಮೊಣಕಾಲ ನಡುವೆ. ಮುಚ್ಚಿದ ಅರಿವೆಗೆ ಗಂಟು. ಬಡಿಗೆ ಎಲ್ಲರಿಗೂ ಕಾಣುವಂತೆ ನೆಲದ ಮೇಲೆ. ಎಂದೂ ಎತ್ತಿದ್ದು ನೋಡಿಲ್ಲ. "ಹೊಡದ್ರ ಅದಕ್ಕ ಸಿಟ್ಟು ಬರತೈತಿ, ನನಗ ದಮ್ಮು ಹತ್ತತೈತಿ. ಇಬ್ರಿಗೂ ಲುಕ್ಸಾನ ಮಾಸ್ತರ್ರ" ಎನ್ನುತ್ತಾಳೆ.

ಬಂಡೆ ಹತ್ತಿ ಹಸಿದ ಹುಡುಗರನ್ನು ಆಕೆಯ ಮುಂದೆ ಕೂರಿಸಿದ್ದೆ. ಅಳಿಯನ ಹತ್ತುವ ಬೂಟುಗಳು ಚೀಲದ ಹೊರಗೆ ಜೋತಾಡುತ್ತಿದ್ದವು. ಕಾಲುಚೀಲವಿಲ್ಲದೆ ಹಾಕುವ ಬೂಟು. ಅದರ ವಾಸನೆ ಬಲ್ಲವರು ಯಾರೂ ಕದಿಯಲಾರರು ಎಂಬ ಧೈರ್ಯ ಅವನಿಗೆ. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಒಂದು ಬೂಟು ಮಂಟಪದ ಮೇಲಿತ್ತು. ಮಂಗ್ಯಾ ಮೂಸಿ ನೋಡಿ ಮುಖ ಹಿಂದಕ್ಕೆ ತೆಗೆಯಿತು, ಆದರೂ ಬಿಡಲಿಲ್ಲ. ಒಂದೇ ಬೂಟಿನಲ್ಲಿ ಬಂಡೆ ಹತ್ತಲಾದೀತೇ? ಅಳಿಯ ಓಡಿಹೋಗಿ ಬಾಳೆಹಣ್ಣು ಕೊಂಡು ತಂದು ತೋರಿಸಿದ. ಹಣ್ಣು ಮೇಲೆ ಹೋಯಿತು, ಬೂಟು ಕೆಳಗೆ ಬಿತ್ತು. ಹುಡುಗರೆಲ್ಲ ಚಪ್ಪಾಳೆ ಹೊಡೆದರು. ಅಜ್ಜಿ ಮಾತ್ರ ಹಣೆ ಬಡಿದುಕೊಂಡಳು.

"ಏ ತಮ್ಮಾ, ಒಂದು ಬೂಟಿಗೆ ಒಂದು ಬಾಳಿಹಣ್ಣು ಕೊಟ್ಟಿ. ನಾಳೆ ಜೋಡೂ ಒಯ್ತೈತಿ ನೋಡು!"

ಇದನ್ನೇ ಬಾಲಿ ದ್ವೀಪದ ಉಲುವಾಟು ದೇವಸ್ಥಾನದಲ್ಲಿ ವಿಜ್ಞಾನಿಗಳು ವರ್ಷಗಟ್ಟಲೆ ಕೂತು ಕಂಡುಕೊಂಡಿದ್ದಾರೆ. ಅಲ್ಲಿನ ಮಂಗಗಳು ಕನ್ನಡಕ, ಫೋನು ಕಸಿದು ತಿಂಡಿ ಕೊಟ್ಟರೆ ಮಾತ್ರ ಹಿಂದಿರುಗಿಸುತ್ತವೆ. ಬೆಳೆದು ದೊಡ್ಡವಾದವುಗಳಿಗೆ ಯಾವ ವಸ್ತುವಿಗೆ ಪ್ರವಾಸಿ ಹೆಚ್ಚು ಚಡಪಡಿಸುತ್ತಾನೆಂದು ಗೊತ್ತು; ಅಂಥದ್ದನ್ನೇ ಆರಿಸಿ ಕದ್ದು, ಒಳ್ಳೆಯ ತಿಂಡಿ ಬರುವವರೆಗೆ ಚೌಕಾಸಿ ಮಾಡುತ್ತವೆ ಎಂದು 2021ರಲ್ಲಿ ಪ್ರಬಂಧ ಪ್ರಕಟವಾಯಿತು. ನಮ್ಮ ಅಜ್ಜಿ ಪ್ರಕಟಿಸಲಿಲ್ಲ, ಅಷ್ಟೇ. ಮಂಗನಿಗೆ ಹಗ್ಗ, ಸೊಂಟಕ್ಕೆ ಬಿಗಿಯುವ ಹಾರ್ನೆಸ್, ಕ್ಯಾರಬೀನರ್ ಎಂಬ ಲೋಹದ ಕೊಂಡಿ ಯಾವುದೂ ಬೇಕಿಲ್ಲ. ಅದಕ್ಕೆ ಬೇಕಾದದ್ದು ಬಿಸ್ಕತ್ತು. ಪ್ಲಾಸ್ಟಿಕ್ ಚೀಲದ ಪರಪರ ಸದ್ದಿನ ಹಿಂದೆ ಬಿಸ್ಕತ್ತಿದೆ ಎಂದು ಕಲಿಸಿದವರು ನಾವು. ಶನಿವಾರ ಹನುಮಪ್ಪನ ಹೆಸರಲ್ಲಿ ಡಜನ್ ಬಾಳೆಹಣ್ಣು ಹಂಚಿ, ಭಾನುವಾರ ಅದೇ ಮಂಗ ಕೈಚೀಲ ಕಸಿದರೆ ಅರಣ್ಯ ಇಲಾಖೆಗೆ ಫೋನು ಮಾಡುವವರೂ ನಾವೇ. ಪುಣ್ಯ ನಮಗೆ, ಪಂಜರ ಅದಕ್ಕೆ.

ಈ ಕಳವಿನ ಸಮಸ್ಯೆಯನ್ನು ಬುಡದಿಂದಲೇ ಬಗೆಹರಿಸಿಕೊಂಡವರು ಚಿತ್ರದುರ್ಗದ ಜ್ಯೋತಿರಾಜ್. ಕೋತಿಗಳನ್ನು ನೋಡಿ ಹತ್ತುವುದನ್ನು ಕಲಿತು, ಕೋಟೆಯ ಗೋಡೆಯನ್ನು ಹಗ್ಗವಿಲ್ಲದೆ ಬರಿಗೈಯಲ್ಲಿ ಏರಿ, ಕೋತಿರಾಜ ಎಂದೇ ಹೆಸರಾದವರು. ಸಾಮಾನೇ ಇಲ್ಲದವನಿಂದ ಕದಿಯುವುದೇನು? ಆದರೆ ಇದನ್ನು ಅಳಿಯನಿಗೆ ಹೇಳಲು ಹೋಗಿಲ್ಲ. ಅಕ್ಕನಿಗೆ ನಾನು ಉತ್ತರ ಕೊಡಬೇಕಾಗುತ್ತದೆ. ನನ್ನ ಹುದ್ದೆಯೂ ಹೋಗುತ್ತದೆ.

ಆದ್ದರಿಂದ ಬಾದಾಮಿಗೆ ಹತ್ತಲು ಬರುವವರಲ್ಲಿ ನನ್ನದೊಂದು ವಿನಂತಿ. ಊಟ ಊರಲ್ಲೇ ಮುಗಿಸಿ ಬನ್ನಿ, ತಿಂಡಿಯ ಪೊಟ್ಟಣವನ್ನು ಬಂಡೆಯ ಬುಡಕ್ಕೆ ತರಬೇಡಿ. ಚೀಲದ ಎರಡು ಜಿಪ್ಪುಗಳನ್ನು ಸೇರಿಸಿ ಒಂದು ಕ್ಯಾರಬೀನರ್ ಸಿಗಿಸಿಡಿ. ಬೂಟು ಹೊರಗೆ ನೇತುಹಾಕಬೇಡಿ. ಮಂಗ ಕಚ್ಚಿದರೆ ಅರಿಷಿಣ ಹಚ್ಚಿಕೊಂಡು ಕೂಡದೆ ಗಾಯವನ್ನು ಸೋಪು ನೀರಿನಿಂದ ತೊಳೆದು ನೇರ ದವಾಖಾನೆಗೆ ಹೋಗಿ ರೇಬಿಸ್ ಚುಚ್ಚುಮದ್ದು ತೆಗೆದುಕೊಳ್ಳಿ. ಕದ್ದ ಮಾಲಿಗೆ ಬಾಳೆಹಣ್ಣಿನ ಬೆಲೆ ಕಟ್ಟಬೇಡಿ. ಗಂಟು ಕಾಯಲು ಜನ ಬೇಕಿದ್ದರೆ ಚೊಳಚಗುಡ್ಡದಲ್ಲಿ ಯಾರನ್ನು ಕೇಳಿದರೂ ನನ್ನ ಮನೆ ತೋರಿಸುತ್ತಾರೆ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೆ ಮಾತ್ರ ಬೇರೆ ಯಾರನ್ನಾದರೂ ನೋಡಿಕೊಳ್ಳಿ. ಜಾತ್ರೆಯ ನಾಟಕಗಳು ನಸುಕಿನವರೆಗೆ ನಡೆಯುತ್ತವೆ, ಹಗಲು ನನಗೆ ನಿದ್ದೆ.